ಅರ್ಧ ಮುಚ್ಚಳದ ಲೆಕ್ಕ

1980ರ ದಶಕದಲ್ಲಿ ಟಿ.ವಿ. ನೋಡಿದವರು ಲಲಿತಾಜಿಯನ್ನು ಮರೆತಿರಲಾರರು. ಕವಿತಾ ಚೌಧರಿ ನಟಿಸಿದ ಆ ಸರ್ಫ್ ಜಾಹೀರಾತಿನಲ್ಲಿ, ತರಕಾರಿಗೂ ಚೌಕಾಸಿ ಮಾಡುವ ಗೃಹಿಣಿ ದುಬಾರಿ ಪುಡಿಯನ್ನೇ ಏಕೆ ಕೊಳ್ಳುತ್ತಾಳೆ ಎಂಬ ಪ್ರಶ್ನೆಗೆ ಖಡಕ್ಕಾಗಿ ಉತ್ತರ ಕೊಡುತ್ತಿದ್ದಳು: ಅಗ್ಗದ ಪುಡಿ ಒಂದು ಕೆ.ಜಿ. ಹಿಡಿಯುವ ಕಡೆ ಇದು ಅರ್ಧ ಕೆ.ಜಿ. ಸಾಕು. ಆ ಉತ್ತರದ ಹಿಂದೆ ದೊಡ್ಡ ಕಾಳಗವೇ ಇತ್ತು. ಹಿಂದೂಸ್ತಾನ್ ಲಿವರ್ 1959ರಲ್ಲಿ ಸರ್ಫ್ ತಂದಿತ್ತು. ಹತ್ತು ವರ್ಷದ ನಂತರ ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲ್ ಎಂಬ ಸರ್ಕಾರಿ ನೌಕರರು ಮನೆಯಲ್ಲೇ ಪುಡಿ ಕಲಸಿ, ಸೈಕಲ್ ಮೇಲೆ ಹೇರಿಕೊಂಡು ಹೋಗಿ ಮಾರತೊಡಗಿದರು. ಸರ್ಫ್ ಕೆ.ಜಿ.ಗೆ 13 ರೂಪಾಯಿ ಆಸುಪಾಸು ಇದ್ದಾಗ ನಿರ್ಮಾ ಮೂರೇ ರೂಪಾಯಿ. ಸೋಡಾ ಹೆಚ್ಚಿದ್ದ ಆ ಪುಡಿಗೆ ಕೈ ಉರಿಯುತ್ತಿತ್ತು, ಆದರೂ ಜನ ಮುಗಿಬಿದ್ದು ಕೊಂಡರು. ಕೊನೆಗೆ 1987ರಲ್ಲಿ ಲಿವರ್ ಕಂಪನಿಯೇ ವೀಲ್ ಎಂಬ ಅಗ್ಗದ ಪುಡಿ ಮಾಡಿ ಕಣಕ್ಕಿಳಿಯಬೇಕಾಯಿತು.

ಲಲಿತಾಜಿ ಹೊಗಳಿದ ಪುಡಿಯ ಬಗ್ಗೆ ಯಾರು ಏನೇ ಹೇಳಲಿ, ಅವಳು ಲೆಕ್ಕ ಹಾಕಿದ ಕ್ರಮ ಮಾತ್ರ ಸರಿ. ಕೆ.ಜಿ.ಗೆ ಎಷ್ಟು ಎಂದು ಕೇಳದೆ ಒಂದು ಒಗೆತಕ್ಕೆ ಎಷ್ಟು ಎಂದು ಕೇಳಿದವಳು ಅವಳು.

ಈ ಅಂಕಣ ಬರೆಯುವಾಕೆಯ ಮನೆಯಲ್ಲಿ ಆ ಪ್ರಶ್ನೆಗೆ ಅಡುಗೆಮನೆಯ ತಕ್ಕಡಿಯೇ ಉತ್ತರ ಕೊಟ್ಟಿತು. ಪಕ್ಕದ ಅಂಗಡಿಯಿಂದ ತರುವ ಅಗ್ಗದ ಪುಡಿ ಕೆ.ಜಿ.ಗೆ 75 ರೂಪಾಯಿ. ಒಂದು ಮೆಷಿನ್ ಬಟ್ಟೆಗೆ ಅದು 120 ಗ್ರಾಂ ಬೇಕು, ಇಲ್ಲವಾದರೆ ಮಕ್ಕಳ ಸಮವಸ್ತ್ರದ ಕಾಲರು ಕೊಳೆ ಬಿಡುವುದಿಲ್ಲ. ಅಲ್ಲಿಗೆ 9 ರೂಪಾಯಿ. ಕೆ.ಜಿ.ಗೆ 140 ರೂಪಾಯಿಯ ಪುಡಿ 70 ಗ್ರಾಂ ಸಾಕು, ಅಂದರೆ 9 ರೂಪಾಯಿ 80 ಪೈಸೆ. ಕೆ.ಜಿ. ಬೆಲೆಯಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ಅಂತರ, ಒಗೆತದ ಬೆಲೆಯಲ್ಲಿ ಒಂದು ರೂಪಾಯಿಯೂ ಇಲ್ಲ. ಲೀಟರಿಗೆ 180 ರೂಪಾಯಿ ಬೀಳುವ ಲಿಕ್ವಿಡ್ಡನ್ನು ಮುಚ್ಚಳದ ತುಂಬ, ಅಂದರೆ 70 ಮಿಲಿ ಸುರಿದರೆ 12 ರೂಪಾಯಿ 60 ಪೈಸೆ. ಅರ್ಧ ಮುಚ್ಚಳಕ್ಕೆ ಅದರರ್ಧ. ವಾರಕ್ಕೆ ಐದು ಸಲ ಮೆಷಿನ್ ಓಡುವ ಮನೆಯಲ್ಲಿ ಈ ಅರ್ಧ ಮುಚ್ಚಳ ವರ್ಷಕ್ಕೆ 1,600 ರೂಪಾಯಿಗೂ ಮೇಲಾಗುತ್ತದೆ. ಇಷ್ಟು ಉಳಿತಾಯ ಯಾವ ‘ಒಂದು ಕೊಂಡರೆ ಒಂದು ಉಚಿತ’ದಲ್ಲೂ ಸಿಗುವುದಿಲ್ಲ.

ಅರ್ಧ ಮುಚ್ಚಳ ಸಾಕೇ ಎಂಬುದು ನಲ್ಲಿಯಲ್ಲಿ ಬರುವ ನೀರನ್ನು ಅವಲಂಬಿಸಿದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾರ್ಜಕದ ಒಂದು ಪಾಲನ್ನು ಕೊಳೆ ತೆಗೆಯುವ ಮೊದಲೇ ನುಂಗಿಬಿಡುತ್ತವೆ. ಕುಡಿಯುವ ನೀರಿನ ಬಿಐಎಸ್ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ವಿನಾಯಿತಿ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೂ, ಅದೇ ಬೀದಿಯಲ್ಲಿ ಕೊಳವೆಬಾವಿ ಅಥವಾ ಟ್ಯಾಂಕರ್ ನಂಬಿದ ಮನೆಗೂ ಒಂದೇ ಅಳತೆಯ ಪುಡಿ ಹೊಂದುವುದಿಲ್ಲ. ಈಕೆಯ ಅಪಾರ್ಟ್‌ಮೆಂಟಿನಲ್ಲಂತೂ ಕಾವೇರಿ ಬಂದ ದಿನ ನೊರೆ ಉಕ್ಕುತ್ತದೆ, ಟ್ಯಾಂಕರ್ ಬಂದ ದಿನ ಅದೇ ಮುಚ್ಚಳಕ್ಕೆ ನೊರೆಯೇ ಏಳುವುದಿಲ್ಲ. ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಗಡಸುತನ ತಿಳಿಯದು, ಅದು ಕರಗಿದ ಎಲ್ಲ ಲವಣವನ್ನೂ ಒಟ್ಟಿಗೆ ಎಣಿಸುತ್ತದೆ. ಹನಿ ಹಾಕಿ ಬಣ್ಣ ನೋಡುವ ಹಾರ್ಡ್‌ನೆಸ್ ಕಿಟ್‌ಗಳು ಸಿಗುತ್ತವೆ. ಅದೂ ಬೇಡವೆಂದರೆ ಒಂದು ಬಾಟಲಿಗೆ ನೀರು, ಚೂರು ಸ್ನಾನದ ಸೋಪು ಹಾಕಿ ಕುಲುಕಿ: ಮೆದು ನೀರಾದರೆ ನೊರೆ ನಿಲ್ಲುತ್ತದೆ, ಗಡಸಾದರೆ ಮೊಸರೊಡೆದಂತೆ ಬಿಳಿ ಚೂರುಗಳು ತೇಲುತ್ತವೆ.

ಇನ್ನೊಂದು ಪರೀಕ್ಷೆ ಫ್ರಂಟ್ ಲೋಡ್ ಮೆಷಿನ್ ಇರುವವರಿಗೆ. ಒಗೆದು ಒಣಗಿಸಿಟ್ಟ ನಾಲ್ಕು ಟವೆಲ್‌ಗಳನ್ನು ಡ್ರಮ್ಮಿಗೆ ಹಾಕಿ, ಪುಡಿ ಗಿಡಿ ಏನೂ ಇಲ್ಲದೆ ಬರೀ ನೀರಿನಲ್ಲಿ ಓಡಿಸಿ, ಗಾಜಿನ ಮುಂದೆ ಹತ್ತು ನಿಮಿಷ ಕೂತು ನೋಡಬೇಕು. ನೀರು ತಿಳಿಯಾಗಿದ್ದರೆ ಮನೆಯ ಅಳತೆ ಸರಿಯಿದೆ ಎಂದರ್ಥ. ಈಕೆಯ ಮನೆಯಲ್ಲಿ ಗಾಜಿನ ಅಂಚಿನವರೆಗೂ ನೊರೆ ಏರಿತು, ಹೊರಬಿದ್ದ ನೀರು ಅಕ್ಕಿ ತೊಳೆದ ಹಾಗಿತ್ತು. ಅಷ್ಟೂ ಹಿಂದಿನ ಒಗೆತಗಳ ಬಾಕಿ! ಟವೆಲ್ ಒರಟಾಗುವುದಕ್ಕೂ, ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುವುದಕ್ಕೂ, ಮೆಷಿನ್ನಿನ ರಬ್ಬರ್ ಸಂದಿಯಲ್ಲಿ ಲೋಳೆ ಕಟ್ಟಿ ವಾಸನೆ ಬರುವುದಕ್ಕೂ ಈ ಉಳಿಕೆಯೇ ಎಷ್ಟೋ ಸಲ ಕಾರಣ. ನೊರೆ ಹೆಚ್ಚಾದರೆ ಎಷ್ಟೋ ಮೆಷಿನ್‌ಗಳು ತಾವಾಗಿಯೇ ಇನ್ನೊಮ್ಮೆ ಜಾಲಿಸುತ್ತವೆ, ಆ ನೀರಿನ ಖರ್ಚೂ ಮನೆಯವರದೇ. ಟವೆಲ್ ಒರಟಾಯಿತೆಂದು ಫ್ಯಾಬ್ರಿಕ್ ಕಂಡಿಷನರ್ ತರುವುದು ಖರ್ಚಿನ ಮೇಲೆ ಖರ್ಚು; ಅದು ನೂಲಿಗೆ ಜಿಡ್ಡಿನ ಲೇಪ ಕೊಟ್ಟು ಟವೆಲ್ ನೀರು ಹೀರದಂತೆ ಮಾಡುತ್ತದೆ.

ಟ್ಯಾಂಕರ್ ನೀರಿನ ದಿನ ದುಬಾರಿ ಪುಡಿಯನ್ನು ದುಪ್ಪಟ್ಟು ಸುರಿಯಬೇಕಾಗಿಲ್ಲ. ಹತ್ತಿ ಬಟ್ಟೆಯಾದರೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಸೇರಿಸಿದರೆ ಗಡಸುತನದ ಬಹುಪಾಲು ಅದಕ್ಕೇ ಹೋಗುತ್ತದೆ. ಪುಡಿಗಿಂತ ಎಷ್ಟೋ ಅಗ್ಗದ ಸರಕು. ಮಡಿವಾಳರು ಹಿಂದೆ ಚೌಳು ಮಣ್ಣಿನಲ್ಲಿ ಬಟ್ಟೆ ನೆನೆಸುತ್ತಿದ್ದುದರ ಗುಟ್ಟೂ ಇದೇ, ಆ ಮಣ್ಣಿನಲ್ಲಿ ಸೋಡಾ ಇರುತ್ತದೆ. ಹೀಟರಿನ ಮೇಲೆ ಸುಣ್ಣ ಕಟ್ಟದಂತೆ ಆಗೊಮ್ಮೆ ಈಗೊಮ್ಮೆ ನಿಂಬೆ ಉಪ್ಪು ಹಾಕಿ ಖಾಲಿ ಮೆಷಿನ್ ಓಡಿಸಿದರಾಯಿತು.

ಇನ್ನು ಎಂಜೈಮ್. ದುಬಾರಿ ಪುಡಿಗೆ ಹೆಚ್ಚು ಹಣ ಕೊಡಲು ಒಪ್ಪಬಹುದಾದ ಕಾರಣ ಇದೊಂದೇ ಎನ್ನುವುದು ಈಕೆಯ ತೀರ್ಮಾನ. ಬಟ್ಟೆ ಒಗೆಯಲು ಎಂಜೈಮ್ ಬಳಸಬಹುದೆಂದು 1913ರಲ್ಲೇ ಜರ್ಮನಿಯ ಒಟ್ಟೋ ರೋಮ್ ಪೇಟೆಂಟ್ ಪಡೆದಿದ್ದರು. ಪ್ರೋಟಿಯೇಸ್ ಬೆವರು, ರಕ್ತ, ಹಾಲಿನ ಕಲೆ ಕರಗಿಸುತ್ತದೆ. ಅಮೈಲೇಸ್ ಗಂಜಿ, ಸಾರಿನ ಕಲೆ. ಲೈಪೇಸ್ ಎಣ್ಣೆ ಜಿಡ್ಡು. ಆದರೆ ಇವಕ್ಕೆ ಸಮಯ ಬೇಕು, ತುಸು ಬಿಸಿ ಬೇಕು. ಹದಿನೈದು ನಿಮಿಷದ ಕ್ವಿಕ್ ವಾಷ್‌ನಲ್ಲಿ ಎಂಜೈಮ್ ಪುಡಿ ಹಾಕುವುದು ಕಾಸು ಚರಂಡಿಗೆ ಬಿಟ್ಟಂತೆ. 40 ಡಿಗ್ರಿ ಸಾಕು. 12 ಲೀಟರ್ ನೀರನ್ನು 25ರಿಂದ 40 ಡಿಗ್ರಿಗೆ ಏರಿಸಲು 0.2 ಯೂನಿಟ್ ವಿದ್ಯುತ್ ಸಾಕು, 60ಕ್ಕೆ ಏರಿಸಲು ಅರ್ಧ ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಮೊದಲನೆಯದಕ್ಕೆ ಒಂದೂಕಾಲು ರೂಪಾಯಿ, ಎರಡನೆಯದಕ್ಕೆ ಮೂರು. ಹಾಸಿಗೆ ಹಿಡಿದವರ ಬಟ್ಟೆ, ಹಸುಗೂಸಿನ ಬಟ್ಟೆ ಬಿಟ್ಟರೆ 60ರ ಗುಂಡಿ ಒತ್ತುವ ಸಂದರ್ಭ ಕಡಿಮೆ.

ಒಂದು ಎಚ್ಚರ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನಿನ ನೂಲುಗಳು. ಸಾಂಬಾರಿನ ಬೇಳೆಗೂ ಮೈಸೂರು ರೇಷ್ಮೆಯ ಸೆರಗಿಗೂ ಪ್ರೋಟಿಯೇಸ್ ಭೇದ ಎಣಿಸುವುದಿಲ್ಲ. ವಾಷಿಂಗ್ ಸೋಡಾ ಕೂಡ ರೇಷ್ಮೆಗೆ ಆಗದು. ಅಜ್ಜಿಯರು ರೇಷ್ಮೆಗೆಂದು ಅಂಟುವಾಳಕಾಯಿ ಎತ್ತಿಡುತ್ತಿದ್ದುದು ಬರೀ ಸಂಪ್ರದಾಯವಲ್ಲ. ಅದರ ಸ್ಯಾಪೊನಿನ್ ಕ್ಷಾರವಿಲ್ಲದೆಯೇ ಕೊಳೆ ಬಿಡಿಸುತ್ತದೆ. ಹದಿನೈದು ಸಾವಿರದ ಸೀರೆಗೆ ಎಂಜೈಮ್ ಪುಡಿ ಹಾಕಿದವರಿಗೆ ಯಾವ ಉಳಿತಾಯದ ಲೆಕ್ಕವೂ ಕೈಹಿಡಿಯದು.

ಮನೆ ಬಾಗಿಲಿಗೆ ಐದು ಲೀಟರಿನ ಕ್ಯಾನಿನಲ್ಲಿ ಬರುವ ಬಿಡಿ ಲಿಕ್ವಿಡ್ ಅಗ್ಗವೇನೋ ಹೌದು. ಆಸಿಡ್ ಸ್ಲರಿಗೆ ಕ್ಷಾರ ಬೆರೆಸಿ ಹದ ಮಾಡುವ ಸರಳ ತಯಾರಿ ಅದು. ಹದ ತಪ್ಪಿದರೆ ಕೈ ಚರ್ಮ ಸುಲಿಯುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ. ಪಿಎಚ್ ಕಾಗದ ಅದ್ದಿ ನೋಡದೆ ಕೊಳ್ಳಬಾರದು. ಬಕೆಟ್ಟಿಗೆಂದು ಮಾಡಿದ, ಬುರುಬುರು ನೊರೆ ಬರುವ ಪುಡಿಯನ್ನು ಫ್ರಂಟ್ ಲೋಡ್ ಮೆಷಿನ್ನಿಗೆ ಹಾಕುವುದೂ ಬೇಡ.

ಅಂಗಡಿಯಲ್ಲಿ ನೋಡಬೇಕಾದ್ದು ಪೊಟ್ಟಣದ ಹಿಂಬದಿ. ಎಂಆರ್‌ಪಿ ಜತೆ ಯೂನಿಟ್ ಬೆಲೆಯನ್ನೂ ಮುದ್ರಿಸಬೇಕೆಂಬ ನಿಯಮ ಈಗಿದೆ: ಒಂದು ಕೆ.ಜಿ.ಗಿಂತ ಕಡಿಮೆ ತೂಕದ್ದಕ್ಕೆ ಗ್ರಾಂ ಲೆಕ್ಕ, ಹೆಚ್ಚಿನದಕ್ಕೆ ಕೆ.ಜಿ. ಲೆಕ್ಕ. 0.14 ಎಂದಿದ್ದರೆ ಸಾವಿರದಿಂದ ಗುಣಿಸಿ, 140 ಎಂದು ಓದಿಕೊಳ್ಳಿ. ಹತ್ತು ರೂಪಾಯಿಯ ಪೊಟ್ಟಣದ ಬೆಲೆ ಹಾಗೇ ಇದ್ದು ಒಳಗಿನ ಗ್ರಾಂ ಮಾತ್ರ ಕರಗಿದ್ದರೆ ಅದೂ ಈ ಅಂಕಿಯಲ್ಲೇ ಸಿಕ್ಕಿಬೀಳುತ್ತದೆ.

ಯುರೋಪಿನಲ್ಲಿ ಮಾರ್ಜಕದ ಪೊಟ್ಟಣದ ಮೇಲೆ ಮೆದು, ಮಧ್ಯಮ, ಗಡಸು ನೀರಿಗೆ ಬೇರೆ ಬೇರೆ ಅಳತೆ ಕೊಡಬೇಕೆಂಬ ಕಾನೂನಿದೆ. ಜರ್ಮನಿಯಲ್ಲಿ ನೀರು ಪೂರೈಸುವವರು ತಮ್ಮ ನೀರು ಯಾವ ವರ್ಗದ್ದೆಂದು ಗ್ರಾಹಕರಿಗೆ ತಿಳಿಸಲೇಬೇಕು. ಅಲ್ಲಿ ಲೀಟರಿಗೆ 250 ಮಿಲಿಗ್ರಾಂ ದಾಟಿದರೆ ಗಡಸು ನೀರು. ನಮ್ಮಲ್ಲಿ ಅಂಥ ಕಾನೂನಿಗೆ ಕಾಯುತ್ತ ಕೂರಬೇಕಿಲ್ಲ. ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಯಲ್ಲಿ ಇಷ್ಟು ಕೇಳಿ: ಸಂಪಿನ ನೀರಿನ ಹಾರ್ಡ್‌ನೆಸ್ ಅಂಕಿಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ಲಿಫ್ಟ್ ಪಕ್ಕದ ನೋಟಿಸ್ ಬೋರ್ಡಿಗೆ ಅಂಟಿಸಲಿ.