ಲಾನ್‌ಡೇಲ್‌ನ ಒಂದು ಮನೆಯ ಲೆಕ್ಕ

ಗುಲಾಮರಿಗೆ ಅಕ್ಷರ ಕಲಿಸುವುದು ಅಮೆರಿಕದ ದಕ್ಷಿಣದ ಹಲವು ರಾಜ್ಯಗಳಲ್ಲಿ ಒಂದು ಕಾಲಕ್ಕೆ ಅಪರಾಧವಾಗಿತ್ತು. ಅಕ್ಷರಕ್ಕೆ ಯಜಮಾನರು ಎಷ್ಟು ಹೆದರುತ್ತಿದ್ದರು ಎನ್ನುವುದು ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆ ಓದಿದವರಿಗೆ ಗೊತ್ತು. ಬಾಲ್ಟಿಮೋರ್‌ನ ಮನೆಯೊಡತಿ ಗುಲಾಮ ಹುಡುಗನಿಗೆ ಎ, ಬಿ, ಸಿ ಹೇಳಿಕೊಡಲು ಶುರುಮಾಡುತ್ತಾಳೆ. ಗಂಡನಿಗೆ ಗೊತ್ತಾದದ್ದೇ ತಡ, ಪಾಠ ನಿಂತುಹೋಗುತ್ತದೆ. ಓದು ಬಂದರೆ ಇವನು ಗುಲಾಮನಾಗಿ ಉಳಿಯುವುದಿಲ್ಲ ಎಂದು ಅವನು ಹೆಂಡತಿಗೆ ಹೇಳುವುದು ಹುಡುಗನ ಕಿವಿಗೂ ಬೀಳುತ್ತದೆ. ಓದು ಕಲಿಯಲೇಬೇಕು ಎಂದು ಅವನು ಹಟ ಹಿಡಿಯುವುದು ಆಗಲೇ. ಆ ಮನೆಯಲ್ಲಿ ಬ್ರೆಡ್ಡಿಗೆ ಕೊರತೆ ಇರಲಿಲ್ಲ. ಹೊರಗಿನ ಕೆಲಸಕ್ಕೆ ಕಳಿಸಿದಾಗಲೆಲ್ಲ ಒಂದಿಷ್ಟು ಒಯ್ದು, ಬೀದಿಯಲ್ಲಿ ಹಸಿದಿರುತ್ತಿದ್ದ ಬಡ ಬಿಳಿಯ ಹುಡುಗರಿಗೆ ಕೊಟ್ಟು, ಅವರಿಂದ ಪಾಠ ಹೇಳಿಸಿಕೊಳ್ಳುತ್ತಾನೆ.

ಶಿಕಾಗೋಗೆ ಬಂದ ಹೊಸದರ ಚಳಿಗಾಲದಲ್ಲಿ ಲೈಬ್ರರಿಯಿಂದ ತಂದು ಓದಿದ ಪುಸ್ತಕ ಅದು. ಓದುತ್ತಾ ಅತ್ತಿದ್ದೇನೆ. ಆದರೂ ನನ್ನನ್ನು ಎಚ್ಚರಿಸಿದ್ದು ಆ ಪುಸ್ತಕ ಎನ್ನಲಾರೆ. ಗುಲಾಮಗಿರಿ ಕಾನೂನಿನ ಮಟ್ಟಿಗೆ 1865ರಲ್ಲೇ ಮುಗಿದಿತ್ತು. ಕ್ರೌರ್ಯ ಮಾಡಿದವರೂ ಉಂಡವರೂ ಸತ್ತು ಎಷ್ಟೋ ಕಾಲವಾಗಿದೆ ಎಂಬ ಸಮಾಧಾನದಲ್ಲಿ ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚಿಡಬಹುದಿತ್ತು.

ಮುಚ್ಚಿಡಲಾಗದಂತೆ ಮಾಡಿದ್ದು ಒಂದು ಮನೆಯ ಲೆಕ್ಕ. ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ 2014ರಲ್ಲಿ ಟಾ-ನೆಹಿಸಿ ಕೋಟ್ಸ್ ಬರೆದ ದೀರ್ಘ ಲೇಖನ ಕ್ಲೈಡ್ ರಾಸ್ ಎಂಬ ಕಪ್ಪು ವ್ಯಕ್ತಿಯಿಂದ ಶುರುವಾಗುತ್ತದೆ. ಮಿಸಿಸಿಪಿಯಲ್ಲಿ ಹುಟ್ಟಿದ ರಾಸ್ 1947ರಲ್ಲಿ ಶಿಕಾಗೋಗೆ ಬಂದರು. 1961ರಲ್ಲಿ ಆ ನಗರದ ನಾರ್ತ್ ಲಾನ್‌ಡೇಲ್‌ನಲ್ಲಿ ಮನೆ ಕೊಂಡರು. ಬೆಲೆ 27,500 ಡಾಲರ್. ಮಾರಿದವನು ಅದೇ ಮನೆಯನ್ನು ಆರು ತಿಂಗಳ ಹಿಂದೆ 12,000 ಡಾಲರಿಗೆ ಕೊಂಡಿದ್ದ. ಇಷ್ಟೇ ಆಗಿದ್ದರೆ ಮೋಸಗಾರ ದಲ್ಲಾಳಿಯ ಕಥೆ ಎಂದುಕೊಳ್ಳಬಹುದಿತ್ತು. ಆದರೆ ಆ ಮನೆ ಕೂಡಲೇ ರಾಸ್ ಹೆಸರಿಗೆ ಆಗಲಿಲ್ಲ. ‘ಕಾಂಟ್ರ್ಯಾಕ್ಟ್’ ಮೇಲೆ ಕೊಂಡಿದ್ದರಿಂದ ಕೊನೆಯ ಕಂತು ತೀರುವ ತನಕ ಮನೆ ಮಾರಿದವನದ್ದೇ. ನಡುವೆ ಒಂದು ಕಂತು ತಪ್ಪಿದರೂ ಅಲ್ಲಿಯವರೆಗೆ ಕಟ್ಟಿದ ದುಡ್ಡೂ ಹೋಯಿತು, ಮನೆಯೂ ಹೋಯಿತು.

ಆ ದಿನಗಳಲ್ಲಿ ನಮ್ಮ ಮನೆಸಾಲದ ಕಾಗದಪತ್ರಗಳೂ ಮೇಜಿನ ಮೇಲಿದ್ದವು. ಮೂವತ್ತು ವರ್ಷದ ಅವಧಿ, ಬದಲಾಗದ ಬಡ್ಡಿ. ಮೊದಲ ಕಂತಿನಿಂದಲೇ ಮನೆಯಲ್ಲಿ ನಮ್ಮ ಪಾಲು ಬೆಳೆಯುತ್ತಾ ಹೋಗುತ್ತದೆ. ರಾಸ್ ಅವರಿಗೆ ಇಂಥ ಸಾಲ ಯಾಕೆ ಸಿಗಲಿಲ್ಲ ಎಂದು ಹುಡುಕುತ್ತಾ ಹೋದೆ. ಉತ್ತರ ಇದ್ದದ್ದು ಸರ್ಕಾರಿ ಕಾಗದದಲ್ಲಿ. ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ 1930ರ ದಶಕದಲ್ಲಿ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತ್ತು. ಒಳ್ಳೆಯ ಬಡಾವಣೆಗೆ ಹಸಿರು, ನಂತರದ್ದಕ್ಕೆ ನೀಲಿ, ಆಮೇಲೆ ಹಳದಿ, ಸಾಲ ಕೊಡುವುದು ಅಪಾಯ ಎನ್ನುವಲ್ಲಿ ಕೆಂಪು. ಪ್ರತಿ ಬಡಾವಣೆಗೂ ಒಂದು ಅಚ್ಚಾದ ಫಾರಂ. ಮನೆಗಳು ಎಷ್ಟು ಹಳೆಯವು, ನಿವಾಸಿಗಳ ಆದಾಯ ಎಷ್ಟು ಎಂಬ ಕಾಲಂಗಳ ಜೊತೆಗೇ ಇನ್ನೊಂದು ಕಾಲಂ: ನೀಗ್ರೋಗಳು ಇದ್ದಾರೆಯೇ, ಇದ್ದರೆ ಶೇಕಡಾ ಎಷ್ಟು? ಛಾವಣಿ ಸೋರುತ್ತದೆಯೇ ಎಂದು ಕೇಳುವ ಧಾಟಿಯಲ್ಲೇ ಮನುಷ್ಯರ ಬಗ್ಗೆ ಕೇಳಿದ್ದರು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಇದೇ ತರ್ಕ ಹಿಡಿದು ಕಪ್ಪು ಜನರ ಬಡಾವಣೆಗಳ ಸಾಲಕ್ಕೆ ವಿಮೆ ನಿರಾಕರಿಸಿತು. ವಿಮೆ ಇಲ್ಲದ ಕಡೆ ಬ್ಯಾಂಕು ಕಾಲಿಡಲಿಲ್ಲ. ಬ್ಯಾಂಕು ಬಾರದ ಕಡೆಗೆ ಕಾಂಟ್ರ್ಯಾಕ್ಟಿನವರು ಬಂದರು.

ಆ ಫಾರಂ ಓದಿದ ಮೇಲೆ ಅದೇ ಊರು ಬೇರೆ ಥರ ಕಾಣತೊಡಗಿತು. ಒಂದು ಶನಿವಾರ ಲಾನ್‌ಡೇಲ್‌ಗೆ ಹೋದೆ. ಬೂದು ಕಲ್ಲಿನ ಮುಖದ ಗಟ್ಟಿಮುಟ್ಟಾದ ಹಳೆಯ ಮನೆಗಳು, ನಡುನಡುವೆ ಹುಲ್ಲು ಬೆಳೆದ ಖಾಲಿ ಸೈಟುಗಳು. ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಬಾಡಿಗೆಗೆ ಬಂದು ಉಳಿದದ್ದು ಇಲ್ಲೇ, ಹ್ಯಾಮ್ಲಿನ್ ಅವೆನ್ಯೂದಲ್ಲಿ. ಅವರು ಹೋರಾಡಿದ್ದೂ ಮನೆಗಳ ವಿಚಾರಕ್ಕೇ. ಆ ವರ್ಷದ ಆಗಸ್ಟ್‌ನಲ್ಲಿ ಮಾರ್ಕೆಟ್ ಪಾರ್ಕ್‌ನ ಮೆರವಣಿಗೆಯಲ್ಲಿ ಅವರ ತಲೆಗೆ ಕಲ್ಲೇಟು ಬಿತ್ತು. 1968ರಲ್ಲಿ ಕಾಂಟ್ರ್ಯಾಕ್ಟ್‌ದಾರರು, ಕ್ಲೈಡ್ ರಾಸ್ ಕೂಡ, ಸಂಘ ಕಟ್ಟಿದರು; ಮುಂದೆ ಕಂತು ಕಟ್ಟುವುದನ್ನೇ ನಿಲ್ಲಿಸಿದರು, ಕೋರ್ಟಿಗೂ ಹೋದರು. ಕೈಕಟ್ಟಿ ಕೂತ ಜನರಲ್ಲ ಅವರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಲ್ಲಿನ ನಮ್ಮ ಭಾರತೀಯರ ಊಟದ ಕೂಟಗಳಲ್ಲಿ ಕಪ್ಪು ಜನರ ಬಗ್ಗೆ ಒಂದು ಮಾತು ಬರುತ್ತಲೇ ಇರುತ್ತದೆ: ‘ನಾವು ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದು ಇಷ್ಟಾಗಿಲ್ವಾ? ಇವರಿಗೇನಾಗಿದೆ?’ ಕೆಟ್ಟವರು ಹೇಳುವ ಮಾತಲ್ಲ ಇದು. ಕಷ್ಟಪಟ್ಟು ಮೇಲೆ ಬಂದವರು, ಯಾರಿಗೆ ಹುಷಾರಿಲ್ಲದಿದ್ದರೂ ಅನ್ನ ಸಾರು ತಂದಿಡುವವರು ಹೇಳುವ ಮಾತು. ಅವರಿಗೆ ನಾನು ಹೇಳುವುದು ಆ ಸೂಟ್‌ಕೇಸಿನ ಹಿಂದಿನ ಕಥೆ. ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದು ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪು ಕೊಟ್ಟಿತ್ತು. 1946ರಲ್ಲಿ ಬಾಗಿಲು ತುಸು ತೆರೆದಾಗಲೂ ಭಾರತಕ್ಕೆ ಸಿಕ್ಕ ಕೋಟಾ ವರ್ಷಕ್ಕೆ 100 ಜನ. ನಮ್ಮ ಡಾಕ್ಟರು, ಎಂಜಿನಿಯರುಗಳು ಇಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಬರಲು ಸಾಧ್ಯವಾಗಿದ್ದು 1965ರ ವಲಸೆ ಕಾಯ್ದೆಯಿಂದ. ಹುಟ್ಟಿದ ದೇಶ ನೋಡಿ ಜನರನ್ನು ತೂಗುವ ಪದ್ಧತಿ ಹೋಗಬೇಕಾದರೆ, ಬಣ್ಣ ನೋಡಿ ತೂಗುವುದು ನಾಚಿಕೆಗೇಡು ಎಂದು ಈ ದೇಶಕ್ಕೆ ಮೊದಲು ಅನಿಸಬೇಕಿತ್ತು. ಅನಿಸುವಂತೆ ಮಾಡಿದ್ದು ಲಾಠಿ ತಿಂದ, ಜೈಲಿಗೆ ಹೋದ ಕಪ್ಪು ಜನ. ಇಷ್ಟಪಟ್ಟ ಬಡಾವಣೆಯಲ್ಲಿ ನಾವು ಮನೆ ಕೊಳ್ಳಲು ಆಸರೆಯಾದ ಕಾನೂನು 1968ರ ಏಪ್ರಿಲ್‌ನಲ್ಲಿ, ಕಿಂಗ್ ಹತ್ಯೆಯಾದ ವಾರಕ್ಕೆ ಅಂಗೀಕಾರವಾಯಿತು. ಆ ಕಪ್ಪು ಜನರ ಋಣದ ಮೇಲೆ ನಿಂತಿದೆ ನಮ್ಮ ಬದುಕು. ಇದನ್ನು ನಾನು ಕೂಟಗಳಲ್ಲಿ ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಓದು ಅಮೆರಿಕದಲ್ಲೇ ನಿಲ್ಲಲೂ ಇಲ್ಲ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್‌ನ ಒಬ್ಬನ ಕಾರು ಹರಿದು ಮಹಿಳೆಯೊಬ್ಬರು ಸತ್ತರು. ಅದಕ್ಕೆ ಸಂಬಂಧವೇ ಇಲ್ಲದೆ, ಸ್ವಲ್ಪ ಹೊತ್ತಿನ ನಂತರ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು, ಕಾರಿಗೆ ಬೆಂಕಿ ಹಚ್ಚಿತು. ಮೈಬಣ್ಣ ಒಂದೇ ಎನ್ನುವುದಷ್ಟೇ ಆಕೆ ಮಾಡಿದ ಅಪರಾಧ. ಶಿಕಾಗೋದಲ್ಲಿ ಕೂತು ಆ ಸುದ್ದಿ ಓದುವಾಗ, ಅದು ನಾನು ಅಲ್ಲಿಯತನಕ ಓದಿದ ಪುಟಗಳದ್ದೇ ಮುಂದಿನ ಪುಟವಾಗಿತ್ತು.

ನಮ್ಮ ಜಾತಿಗೂ ಅಲ್ಲಿನ ವರ್ಣಭೇದಕ್ಕೂ ಇರುವ ನಂಟನ್ನು ನಮ್ಮ ಹಿರಿಯರು ಎಂದೋ ಕಂಡಿದ್ದರು. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. 1946ರಲ್ಲಿ ಅಂಬೇಡ್ಕರ್, ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು.

ಎಲ್ಲಿಂದ ಓದಲಿ ಎಂದು ಕೇಳುವ ಕಿರಿಯರಿಗೆ ನಾನು ಮೊದಲು ತೋರಿಸುವುದು ಆ ನಕ್ಷೆಗಳನ್ನೇ. ರಿಚ್ಮಂಡ್ ವಿಶ್ವವಿದ್ಯಾಲಯ ಅವನ್ನು ಫಾರಂಗಳ ಸಮೇತ ಅಂತರ್ಜಾಲದಲ್ಲಿ ಇಟ್ಟಿದೆ. ದಾವಣಗೆರೆ ಕಡೆಯ ಹುಡುಗನೊಬ್ಬ ಬಹಳ ಹೊತ್ತು ನೋಡಿ, ‘ಅಣ್ಣಾ, ನಮ್ಮಲ್ಲೂ ಇಂಥದ್ದು ಇದೆಯಾ?’ ಎಂದ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವಾಗ ಓನರ್ ಏನು ಕೇಳಿದರು ಎಂದೆ. ‘ನೀವು ಯಾವ ಜನ ಅಂತ ಕೇಳಿದ್ರು’ ಅಂದ. ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಸೇರಿ ಓದುತ್ತೇವೆ. ಮುಂದಿನ ತಿಂಗಳಿಗೆ ದಲಿತ ಕವಿ ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯನ್ನು ಆರಿಸಿದ್ದು ಅವನೇ.