ಗ್ರಂಥಪಾಲಕರು ಕೇಳಬೇಕಾದ ಎರಡನೆಯ ಪ್ರಶ್ನೆ

ಪುಸ್ತಕ ಕೊಡುವುದು, ಬರೆದುಕೊಳ್ಳುವುದು, ಮರಳಿ ಪಡೆಯುವುದು: ಗ್ರಂಥಪಾಲಕರ ಕೆಲಸ ಇಷ್ಟೇ ಎಂದು ತಿಳಿದಿದ್ದೆ. ಕಾಮರ್ಸ್ ಓದುವ ನನಗೆ ಅದು ದಾಸ್ತಾನಿನ ಲೆಕ್ಕದಂತೆಯೇ ಕಂಡಿತ್ತು.

ಕಳೆದ ರಜೆಯಲ್ಲಿ ನಮ್ಮ ಆಪಾ ಒಂದು ಗ್ರಂಥಾಲಯಕ್ಕೆ ಹೋಗಿ, "ಅಕೌಂಟ್ಸ್ ಪುಸ್ತಕ ಐತೇನ್ರಿ?" ಎಂದು ಕೇಳಿದಳು. "ಇಲ್ಲವಾ" ಎಂದರು. ಮಾತು ಅಲ್ಲಿಗೇ ಮುಗಿಯಿತು. ಅವಳಿಗೆ ನಿಜವಾಗಿ ಬೇಕಿದ್ದದ್ದು ಸಿ.ಎ. ಫೌಂಡೇಶನ್ ಪರೀಕ್ಷೆಯ ಪಠ್ಯ. ಅದನ್ನು ಐ.ಸಿ.ಎ.ಐ. ಸಂಸ್ಥೆ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. "ಯಾವ ಪರೀಕ್ಷೆಗೆ ಬೇಕವಾ?" ಎಂದು ಇನ್ನೊಂದು ಪ್ರಶ್ನೆ ಬಂದಿದ್ದರೆ ಸಾಕಿತ್ತು.

ಈ ಎರಡನೆಯ ಪ್ರಶ್ನೆ ಕೇಳುವುದು ಗ್ರಂಥಾಲಯ ವಿಜ್ಞಾನದಲ್ಲಿ ಪರಾಮರ್ಶನ ಸೇವೆಯ ಭಾಗ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಅದರಲ್ಲಿ ಎರಡನೆಯದು. ಓದುಗನಿಗೆ ಏನು ಬೇಕೆಂದು ತಿಳಿಯದೆ ಅವನ ಪುಸ್ತಕ ಕೊಡುವುದು ಹೇಗೆ?

ನಮ್ಮ ರಾಜ್ಯದ ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ಮಕ್ಕಳ ದಿನದಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ. (ನನಗೆ ಇನ್ನೊಂದೇ ವರ್ಷ ಉಳಿದಿದೆ!) ಎಷ್ಟೋ ಕಡೆ ಕಂಪ್ಯೂಟರೂ ಬಂದಿವೆ. ಆದರೆ ಮೇಜಿನ ಆಚೆ ಕೂತವರಿಗೆ ಹೊಸ ತರಬೇತಿ ಬೇಕು. ಈಗ ಹುಡುಗರು ಬರುವುದು ಕಥೆ ಪುಸ್ತಕಕ್ಕೆ ಮಾತ್ರವಲ್ಲ. ವಿದ್ಯಾರ್ಥಿವೇತನದ ಅರ್ಜಿ, ಸಿ.ಇ.ಟಿ., ಪೊಲೀಸ್ ನೇಮಕಾತಿ ಎಂದು ಬರುತ್ತಾರೆ. ಮಂಗಸೂಳಿಯಂಥ ಗಡಿ ಊರಿನಲ್ಲಿ ಮರಾಠಿ, ಉರ್ದು ಮಾತಾಡುವವರೂ ಬರುತ್ತಾರೆ. ಗ್ರಂಥಪಾಲಕರಿಗೆ ಎಲ್ಲ ಭಾಷೆ ಬರಬೇಕಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉರ್ದು, ಮರಾಠಿ ಮಾಧ್ಯಮದ ಪುಸ್ತಕಗಳೂ ಸಿಗುತ್ತವೆ ಎಂಬುದು ಗೊತ್ತಿದ್ದರೆ ಸಾಕು.

ಪಂಚಾಯಿತಿ ಸದಸ್ಯರಿಗೆ, ನೌಕರರಿಗೆ ತರಬೇತಿ ಕೊಡುವ ಸಂಸ್ಥೆ ಮೈಸೂರಿನಲ್ಲಿದೆ. ಹಳ್ಳಿಗಳಿಗೆ ಕುಡಿಯುವ ನೀರು ಕೊಟ್ಟು 'ನೀರ್ ಸಾಬ್' ಎನಿಸಿಕೊಂಡ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರು ಅದಕ್ಕಿದೆ. ಗ್ರಂಥಪಾಲಕರ ತರಬೇತಿ ಎಲ್ಲೇ ನಡೆಯಲಿ, ಅಲ್ಲಿಗೆ ನಮ್ಮಂಥ ನಾಲ್ಕು ವಿದ್ಯಾರ್ಥಿಗಳನ್ನೂ ಕರೆಯಬೇಕೆಂದು ನನ್ನ ಅನಿಸಿಕೆ. ನಾವು ಪ್ರಶ್ನೆಯನ್ನು ನೆಟ್ಟಗೆ ಕೇಳುವವರಲ್ಲ. ನಾಚಿಕೆಯಿಂದ ಅರ್ಧ ಹೇಳಿ ಬಾಗಿಲ ಕಡೆ ನೋಡುತ್ತೇವೆ. ಅಂಥವರನ್ನು ಕೂರಿಸಿ ಮಾತಾಡಿಸುವ ಅಭ್ಯಾಸ ವರ್ಗೀಕರಣದ ಪಾಠದಿಂದ ಬರುವುದಿಲ್ಲ.

ಐ.ಸಿ.ಎ.ಐ. ಪಠ್ಯದ ವಿಷಯ ಆಪಾಗೆ ಎರಡು ತಿಂಗಳ ನಂತರ ಗೆಳತಿಯೊಬ್ಬಳಿಂದ ತಿಳಿಯಿತು. ಈಗ ರಾತ್ರಿ ಅಬ್ಬಾ ಅಂಗಡಿಯಿಂದ ಬಂದ ಮೇಲೆ ಅವರ ಮೊಬೈಲ್‌ನಲ್ಲಿ ಓದುತ್ತಾಳೆ.