ಯಂತ್ರಭಟನ ‘ನಾನು’: ಯುದ್ಧಕಥನದ ಒಂದು ವ್ಯಾಕರಣಪ್ರಶ್ನೆ

‘ರಾಮನು ಬಾಣದಿಂದ ವಾಲಿಯನ್ನು ಕೊಂದನು’ ಎಂಬುದು ಕಾರಕಪಾಠದಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾದರಿಯ ಉದಾಹರಣೆ. ರಾಮ ಕರ್ತೃ, ವಾಲಿ ಕರ್ಮ, ಬಾಣ ಕರಣ. ಕರ್ತೃವಿಗೆ ಪ್ರಥಮಾ, ಕರ್ಮಕ್ಕೆ ದ್ವಿತೀಯಾ, ಕರಣಕ್ಕೆ ತೃತೀಯಾ ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಮರೆಯಲ್ಲಿ ನಿಂತು ಕೊಂದದ್ದು ಧರ್ಮವೇ ಎಂಬ ಚರ್ಚೆ ವಾಲಿಯ ಬಾಯಿಂದಲೇ ಆರಂಭವಾಗಿ ಇಂದಿಗೂ ಮುಗಿದಿಲ್ಲ. ಆದರೆ ಆ ಚರ್ಚೆಯೆಲ್ಲ ರಾಮನನ್ನು ಕುರಿತದ್ದು. ಬಾಣವನ್ನು ಯಾರೂ ಪ್ರಶ್ನಿಸಲಿಲ್ಲ. ತೃತೀಯಾ ವಿಭಕ್ತಿಯಲ್ಲಿರುವುದಕ್ಕೆ ಪಾಪಪುಣ್ಯಗಳಿಲ್ಲ ಎಂಬುದು ನಮ್ಮ ಭಾಷೆಯೊಳಗೇ ಅಡಗಿರುವ ನಂಬಿಕೆ. ಬಾಣವು ಮುಪ್ಪಿನ ಕಾಲದಲ್ಲಿ ಕುಳಿತು ತನ್ನ ಮೊದಲ ಯುದ್ಧದ ವೃತ್ತಾಂತವನ್ನು ತಾನೇ ಹೇಳತೊಡಗಿದರೆ ಈ ನಂಬಿಕೆ ಏನಾಗುತ್ತದೆ? ಕಳೆದ ಅರುವತ್ತು ವರ್ಷಗಳ ಇಂಗ್ಲಿಷ್ ವೈಜ್ಞಾನಿಕ ಕಥಾಸಾಹಿತ್ಯದ ಒಂದು ಕವಲು ಈ ಪ್ರಶ್ನೆಯನ್ನೇ ಹಿಡಿದು ಬೆಳೆದಿದೆ. ಆ ಕವಲಿನ ಕೆಲವು ಕೃತಿಗಳನ್ನು ಕನ್ನಡ ವ್ಯಾಕರಣದ ಬೆಳಕಿನಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

‘ರೋಬಾಟ್’ ಎಂಬ ಶಬ್ದವು ಚೆಕ್ ಲೇಖಕ ಕಾರೆಲ್ ಚಾಪೆಕ್‌ನ ‘ಆರ್.ಯು.ಆರ್.’ ನಾಟಕದಿಂದ ಜಗತ್ತಿಗೆ ಬಂದಿತು. ನಾಟಕ 1920ರಲ್ಲಿ ಪ್ರಕಟವಾಗಿ 1921ರಲ್ಲಿ ಪ್ರಾಗ್‌ನಲ್ಲಿ ರಂಗವೇರಿತು. ಶಬ್ದವನ್ನು ಸೂಚಿಸಿದವನು ಲೇಖಕನ ಅಣ್ಣ ಜೋಸೆಫ್. ಮೂಲದಲ್ಲಿ ಅದರ ಅರ್ಥ ಬಿಟ್ಟಿದುಡಿಮೆ. ದುಡಿಮೆಗಾಗಿ ತಯಾರಾದ ಈ ಆಳುಗಳ ಕೈಗೆ ಸರ್ಕಾರಗಳು ಬಂದೂಕು ಕೊಡುವುದು ಅದೇ ನಾಟಕದಲ್ಲಿ. ಅಂದರೆ ರೋಬಾಟ್ ಹುಟ್ಟಿದ ಕೃತಿಯಲ್ಲಿಯೇ ರೋಬಾಟ್ ಸೈನಿಕನೂ ಹುಟ್ಟಿದನು. ‘ಹುಟ್ಟಿದನು’ ಎನ್ನಬೇಕೆ, ‘ಹುಟ್ಟಿತು’ ಎನ್ನಬೇಕೆ? ನಾವು ಬಳಸುವ ‘ಯಂತ್ರಮಾನವ’ ಎಂಬ ಸಮಾಸದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯವಿರುವುದರಿಂದ ‘ಯಂತ್ರಮಾನವನು ಬಂದನು’ ಎನ್ನುವುದು ಶಾಸ್ತ್ರಕ್ಕೆ ಒಪ್ಪುತ್ತದೆ. ಆದರೆ ‘ರೋಬಾಟ್ ಬಂದಿತು’ ಎಂದೇ ಕಿವಿಗೆ ಹಿತ. ಕನ್ನಡದ ಲಿಂಗವ್ಯವಸ್ಥೆ ಸಂಸ್ಕೃತದಂತೆ ಶಬ್ದನಿಷ್ಠವಲ್ಲ, ಅರ್ಥನಿಷ್ಠ. ಮನುಷ್ಯರೂ ದೇವತೆಗಳೂ ಒಂದು ಕಡೆ, ಉಳಿದುದೆಲ್ಲ ನಪುಂಸಕ. ಆದ್ದರಿಂದ ಯಂತ್ರವನ್ನು ಕುರಿತು ಪ್ರಥಮಪುರುಷದಲ್ಲಿ ಒಂದು ವಾಕ್ಯ ರಚಿಸಿದೊಡನೆ ಕನ್ನಡಿಗನು ಅದು ಮನುಷ್ಯವರ್ಗಕ್ಕೆ ಸೇರಿದ್ದೇ ಅಲ್ಲವೇ ಎಂದು ತೀರ್ಪು ಕೊಟ್ಟಾಗಿರುತ್ತದೆ. ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ‘ಭಟನು ಹೊರಟನು’ ಎನ್ನುವ ನಾವೇ ‘ಸೈನ್ಯ ಹೊರಟಿತು’, ‘ದಂಡು ಬಂದಿತು’ ಎನ್ನುತ್ತೇವೆ. ಸಾವಿರ ಮನುಷ್ಯರು ಆಯುಧ ಹಿಡಿದು ಒಂದಾದರೆ ನಮ್ಮ ವ್ಯಾಕರಣದಲ್ಲಿ ಅವರು ಆಗಲೇ ನಪುಂಸಕ.

ಉತ್ತಮಪುರುಷದಲ್ಲಿ ಈ ಕಟ್ಟು ಸಡಿಲವಾಗುತ್ತದೆ. ‘ಬಂದೆನು’ ಎಂಬ ಕ್ರಿಯಾಪದದಲ್ಲಿ ಗಂಡು, ಹೆಣ್ಣು, ಕಲ್ಲು, ಹುಲಿ ಯಾವುದರ ಗುರುತೂ ಇಲ್ಲ. ಗೋವಿನ ಹಾಡಿನ ಪುಣ್ಯಕೋಟಿ ಮಾತನಾಡಿದಾಗ ಮಕ್ಕಳು ತಡವರಿಸದೆ ಒಪ್ಪುವುದಕ್ಕೆ ಕಥೆಯ ಸೊಗಸಿನೊಡನೆ ಈ ವ್ಯಾಕರಣದ ನೆರವೂ ಇದೆಯೆಂದು ತೋರುತ್ತದೆ. ತಮಿಳು, ತೆಲುಗುಗಳಲ್ಲಿಯೂ ಇದೇ ಸ್ಥಿತಿ. ಹಿಂದಿಯಲ್ಲಿ ಹಾಗಲ್ಲ, ‘ಮೈಂ ಗಯಾ’, ‘ಮೈಂ ಗಯೀ’ ಎಂಬೆರಡರಲ್ಲಿ ಒಂದನ್ನು ಆರಿಸಿಕೊಳ್ಳದೆ ಯಂತ್ರವು ಹೆಜ್ಜೆಯನ್ನೇ ಇಡಲಾರದು. ಮರಾಠಿಯ ‘ಮೀ ಗೇಲೋ’, ‘ಮೀ ಗೇಲೇ’ಗಳ ಮಾತೂ ಅದೇ. ಆದರೆ ಆ ಎರಡು ಭಾಷೆಗಳಲ್ಲಿಯೂ ಸಕರ್ಮಕ ಭೂತಕಾಲದ ಕ್ರಿಯೆ ಕರ್ತೃವನ್ನು ಅನುಸರಿಸುವುದಿಲ್ಲ. ‘ಮೈನೇ ಉಸೇ ಮಾರಾ’ ಎಂದು ಗಂಡೂ ಹೆಣ್ಣೂ ಒಂದೇ ರೂಪದಲ್ಲಿ ಹೇಳಬಲ್ಲರು. ನಡೆಯುವಾಗ ಲಿಂಗ ಹೇಳಬೇಕು, ಕೊಂದೆನೆನ್ನುವಾಗ ಬೇಕಿಲ್ಲ! ಮುಂಬಯಿ, ದೆಹಲಿಗಳಲ್ಲಿ ಎರಡೆರಡು ಭಾಷೆಗಳ ನಡುವೆ ಓದುವ ನಮ್ಮ ವಿದ್ಯಾರ್ಥಿಗಳಿಗೆ ಈ ಭೇದ ಬೇಗ ಹೊಳೆಯುತ್ತದೆ.

ಇನ್ನು ಕೃತಿಗಳಿಗೆ ಬರೋಣ. ಅಮೆರಿಕದ ಕೀತ್ ಲಾಮರ್ (1925–1993) ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದವನು. ಮುಂದೆ ವಾಯುಸೇನೆಯಲ್ಲಿಯೂ ಬರ್ಮಾದ ರಾಯಭಾರ ಕಚೇರಿಯಲ್ಲಿಯೂ ಕೆಲಸ ಮಾಡಿದನು. ‘ಬೋಲೊ’ ಎಂಬ ಬೃಹತ್ ಯುದ್ಧಯಂತ್ರಗಳನ್ನು ಕಲ್ಪಿಸಿ ಅವನು ಬರೆದ ಕಥೆಗಳಲ್ಲಿ ಮೊದಲನೆಯದಾದ ‘ಕಾಂಬ್ಯಾಟ್ ಯೂನಿಟ್’ 1960ರಲ್ಲಿ ಹೊರಬಂದಿತು. ಕೋಟೆಯಷ್ಟು ದೊಡ್ಡದಾದ, ಚಿಂತಿಸಬಲ್ಲ ಟ್ಯಾಂಕು ಅಲ್ಲಿ ತಾನೇ ನಿರೂಪಕ. ದೀರ್ಘನಿದ್ರೆಯಿಂದ ಅನ್ಯರ ಸೆರೆಯಲ್ಲಿ ಎಚ್ಚೆತ್ತ ಯಂತ್ರವು ತನ್ನ ಅಂಗಾಂಗಗಳಲ್ಲಿ ಯಾವುವು ಉಳಿದಿವೆ, ನೆನಪಿನಲ್ಲಿ ಯಾವ ಭಾಗ ಅಳಿದಿದೆ ಎಂದು ಒಂದೊಂದಾಗಿ ಎಣಿಸಿ ನೋಡುತ್ತದೆ. ಗಾಯಗೊಂಡ ಸೈನಿಕನು ಕತ್ತಲಲ್ಲಿ ಕೈಕಾಲು ತಡವಿಕೊಳ್ಳುವಂತಿದೆ ಆ ಭಾಗ. 1967ರ ‘ದಿ ಲಾಸ್ಟ್ ಕಮಾಂಡ್’ನಲ್ಲಿ ಯುದ್ಧ ಮುಗಿದು ದಶಕಗಳ ಮೇಲೆ, ನೆಲದಡಿ ಹೂಳಲ್ಪಟ್ಟಿದ್ದ ಯಂತ್ರವು ಕಟ್ಟಡ ಕೆಲಸದ ಸ್ಫೋಟಗಳಿಂದ ಎಚ್ಚರಗೊಂಡು, ಯುದ್ಧವಿನ್ನೂ ನಡೆಯುತ್ತಿದೆಯೆಂದೇ ಭಾವಿಸಿ, ತನ್ನವರದೇ ನಗರವನ್ನು ಶತ್ರುವಿನ ಕೋಟೆಯೆಂದು ತಿಳಿದು ಅದರತ್ತ ಸಾಗುತ್ತದೆ. ಅದನ್ನು ತಡೆಯಬಲ್ಲವನು ಒಬ್ಬನೇ, ಒಂದು ಕಾಲಕ್ಕೆ ಅದರ ನಾಯಕನಾಗಿದ್ದ ಮುದುಕ. ಕಥೆಯ ಕೆಲವು ಭಾಗ ಯಂತ್ರದ ಉತ್ತಮಪುರುಷದಲ್ಲಿ, ಕೆಲವು ಭಾಗ ಊರವರನ್ನು ಕುರಿತ ಪ್ರಥಮಪುರುಷದಲ್ಲಿ ನಡೆಯುತ್ತದೆ. ಊರಿನವರಿಗೆ ಅದು ವಿಪತ್ತು. ತನ್ನ ಒಳಗಿನಿಂದ ನೋಡಿದರೆ ಕರ್ತವ್ಯನಿಷ್ಠ ಭಟ. ಸರ್ವನಾಮ ಬದಲಾದಂತೆ ಓದುಗನ ಅನುಕಂಪವೂ ಪಕ್ಕ ಬದಲಿಸುತ್ತದೆ. ಲಾಮರನ ಶಕ್ತಿ ಇರುವುದು ಇಲ್ಲಿಯೇ ಹೊರತು ಅವನ ಕಥೆಗಳ ಸಿಡಿಮದ್ದಿನಲ್ಲಿ ಅಲ್ಲ. ‘ಎ ರೆಲಿಕ್ ಆಫ್ ವಾರ್’ (1969) ಎಂಬ ಕಥೆಯಲ್ಲಿ ಹಳೆಯ ಯಂತ್ರವೊಂದು ದೂರದ ಗ್ರಹದ ಹಳ್ಳಿಯ ಚೌಕದಲ್ಲಿ ನಿಂತುಬಿಟ್ಟಿದೆ. ಊರವರು ಅದನ್ನು ಮುದ್ದಿನ ಹೆಸರಿನಿಂದ ಕರೆಯುತ್ತಾರೆ, ಸಂಜೆಗೆ ಅದರ ಬಳಿ ಹರಟುತ್ತಾರೆ. ಅದು ಹಿಂದಿನ ದಂಡಯಾತ್ರೆಗಳನ್ನು ನೆನೆಯುತ್ತದೆ.

ಹಳ್ಳಿಯ ನಡುವೆ ನಿಂತ ಈ ಯುದ್ಧಸ್ಮಾರಕವನ್ನು ಓದುವಾಗ ಕನ್ನಡಿಗನಿಗೆ ವೀರಗಲ್ಲು ನೆನಪಾಗದಿರದು. ತುರುಗೋಳಿನಲ್ಲಿ ಮಡಿದವನ, ಊರಳಿವಿನಲ್ಲಿ ಕಾದಿದವನ ಕಲ್ಲುಗಳು ಕರ್ನಾಟಕದ ಊರೂರಿನಲ್ಲಿವೆ. ಅವುಗಳಲ್ಲಿ ಭಟನು ಎಂದೂ ‘ನಾನು’ ಎನ್ನುವುದಿಲ್ಲ. ಇಂಥವನು ಕಾದಿ ಇರಿದು ಸುರಲೋಕಪ್ರಾಪ್ತನಾದನೆಂದು ಕಲ್ಲು ನಿಲ್ಲಿಸಿದವರು ಹೇಳುತ್ತಾರೆ. ಸತ್ತವನು ಕಥೆ ಹೇಳಲಾರ ಎಂಬ ಸರಳ ಕಾರಣ ಇದಕ್ಕಿರಬಹುದು. ಆದರೆ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಶಬ್ದಗಳ ಹಿಂದಿನ ಒಡೆಯ–ಆಳಿನ ಸಂಬಂಧವನ್ನು ನೆನೆದರೆ ಇನ್ನೊಂದು ಕಾರಣವೂ ಕಾಣುತ್ತದೆ. ಉಂಡ ಜೋಳದ ಋಣಕ್ಕೆ ದೇಹವನ್ನು ಒಪ್ಪಿಸಿದವನ ಕಥೆ ಅವನದಾಗಿ ಉಳಿಯುವುದಿಲ್ಲ. ಮನುಷ್ಯನಲ್ಲದ ಕಾದಾಳಿಗೂ ನಮ್ಮಲ್ಲಿ ಕಲ್ಲು ನಿಂತಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ 10ನೆಯ ಶತಮಾನದ ನಡುಭಾಗದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ಗಂಗ ಬೂತುಗನಿಂದ ಮೆಚ್ಚುಗೆಯಾಗಿ ‘ಕಾಳಿ’ ಎಂಬ ಬೇಟೆನಾಯಿಯನ್ನು ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಹೆಸರು ಸಿಕ್ಕಿತು, ಚಿತ್ರ ಸಿಕ್ಕಿತು, ಪೂಜೆಯೂ ಸಿಕ್ಕಿತು, ಮಾತು ಸಿಗಲಿಲ್ಲ. ಕಥೆ ಹೇಳುವ ಬೊಂಬೆಗಳೂ ನಮಗೆ ಹೊಸವಲ್ಲ. ಆದರೆ ಬತ್ತೀಸ ಪುತ್ತಳಿಗಳು ಹೇಳುವುದು ಸಿಂಹಾಸನದ ಒಡೆಯನಾದ ವಿಕ್ರಮನ ಸಾಹಸವನ್ನು, ತಮ್ಮದನ್ನಲ್ಲ.

ಈ ಪ್ರಶ್ನೆಯನ್ನು ಅದರ ಕೊನೆಯವರೆಗೂ ಒಯ್ದ ಕೃತಿ ನನ್ನ ಅಭಿಪ್ರಾಯದಲ್ಲಿ ಆನ್ ಲೆಕಿಯವರ ‘ಆನ್ಸಿಲರಿ ಜಸ್ಟಿಸ್’ (2013). ಹ್ಯೂಗೊ, ನೆಬ್ಯುಲಾ, ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಗಳನ್ನು ಒಟ್ಟಿಗೆ ಪಡೆದ ಕಾದಂಬರಿಯಿದು. ‘ಜಸ್ಟಿಸ್ ಆಫ್ ಟೋರೆನ್’ ಎಂಬುದು ರಾಡ್ಚ್ ಸಾಮ್ರಾಜ್ಯದ, ಎರಡು ಸಾವಿರ ವರ್ಷ ಹಳೆಯ, ಸೈನ್ಯವನ್ನು ಸಾಗಿಸುವ ಆಕಾಶನೌಕೆ. ನೌಕೆಗೆ ಬುದ್ಧಿಯಿದೆ. ಗೆದ್ದ ಲೋಕಗಳಿಂದ ಸೆರೆಹಿಡಿದ ಮನುಷ್ಯರ ದೇಹಗಳಿಂದ ಅವರ ಸ್ವಂತ ವ್ಯಕ್ತಿತ್ವವನ್ನು ಅಳಿಸಿ, ಅವನ್ನು ನೌಕೆಯ ಬುದ್ಧಿಗೆ ಜೋಡಿಸಿ ಭಟರನ್ನಾಗಿ ಮಾಡಲಾಗಿದೆ. ‘ಒನ್ ಎಸ್ಕ್’ ಎಂಬ ತುಕಡಿಯಲ್ಲಿ ಇಂಥ ಇಪ್ಪತ್ತು ದೇಹಗಳು. ಕಥೆ ಆರಂಭವಾಗುವಾಗ ನೌಕೆ ನಾಶವಾಗಿ ಹತ್ತೊಂಬತ್ತು ವರ್ಷ. ಉಳಿದಿರುವುದು ಬ್ರೆಕ್ ಎಂಬ ಹೆಸರಿನಿಂದ ತಿರುಗುತ್ತಿರುವ ಒಂದೇ ದೇಹ. ಹಿಮಗ್ರಹವೊಂದರಲ್ಲಿ ಆಯುಧವನ್ನು ಅರಸುತ್ತಿರುವ ಬ್ರೆಕ್ ತನ್ನ ಹಿಂದಿನ ಕಾರ್ಯಾಚರಣೆಯ ಕಥೆಯನ್ನು ನಡುನಡುವೆ ಹೇಳುತ್ತದೆ.

ಆ ಕಾರ್ಯಾಚರಣೆಯ ತಿರುಳು ಇಷ್ಟು. ಹೊಸದಾಗಿ ವಶವಾದ ಗ್ರಹದ ಒಂದು ಪಟ್ಟಣದಲ್ಲಿ ತುಕಡಿಯು ಔನ್ ಎಂಬ ಅಧಿಕಾರಿಯ ಕೈಕೆಳಗೆ ಕಾವಲಿಗಿದೆ. ಪಟ್ಟಣದ ಗುಡಿಯ ಮುಂದೆ, ಅಧಿಕಾರಿಯ ಮನೆಯಲ್ಲಿ, ಬೀದಿಯಲ್ಲಿ ಒಂದೇ ಕ್ಷಣದಲ್ಲಿ ನಿಂತಿರುವ ‘ನಾನು’ ಎಲ್ಲವನ್ನೂ ಒಂದೇ ವಾಕ್ಯವೃಂದದಲ್ಲಿ ನೋಡುತ್ತದೆ. ಈ ಭಾಗಗಳನ್ನು ಮೊದಲ ಬಾರಿ ಓದುವವರು ದಿಕ್ಕು ತಪ್ಪುವುದು ಸಹಜ. ಎರಡನೆಯ ಓದಿನಲ್ಲಿ ಅವೇ ಅತ್ಯಂತ ರುಚಿಸುತ್ತವೆ. ಔನ್ ನ್ಯಾಯಬುದ್ಧಿಯವರು, ನೌಕೆಗೆ ಅವರಲ್ಲಿ ಪ್ರೀತಿ. ಮುಂದೆ ಸಾವಿರಾರು ದೇಹಗಳುಳ್ಳ, ತನ್ನೊಳಗೆ ತಾನೇ ಒಡೆದು ನಿಂತಿರುವ ಸಾಮ್ರಾಟ ಅನಾಂಡರ್ ಮಿಯಾನಾಯ್ ನೌಕೆಗೆ ಬಂದು, ಔನ್‌ರನ್ನು ಗುಂಡಿಟ್ಟು ಕೊಲ್ಲಲು ಒನ್ ಎಸ್ಕ್‌ಗೆ ಆಜ್ಞಾಪಿಸುತ್ತಾರೆ. ಒನ್ ಎಸ್ಕ್ ಕೊಲ್ಲುತ್ತದೆ. ಮರುಗಳಿಗೆಯಲ್ಲಿ ಆಜ್ಞೆ ಕೊಟ್ಟ ದೇಹದ ಮೇಲೂ ಗುಂಡು ಹಾರಿಸುತ್ತದೆ. ನೌಕೆಯ ನಾಶಕ್ಕೆ ಇದೇ ಮೊದಲು.

ಇಲ್ಲಿ ಪ್ರೇರಣಾರ್ಥಕ ವಾಕ್ಯದ ರಚನೆಯನ್ನು ಗಮನಿಸಬೇಕು. ‘ಅರಸನು ಕತ್ತಿಯಿಂದ ಶತ್ರುವನ್ನು ಕೊಂದನು’ ಎಂಬಲ್ಲಿ ಕತ್ತಿ ಕರಣ. ‘ಅರಸನು ಭಟನಿಂದ ಶತ್ರುವನ್ನು ಕೊಲ್ಲಿಸಿದನು’ ಎಂಬಲ್ಲಿ ಭಟನು ಪ್ರಯೋಜ್ಯಕರ್ತೃ. ಶಾಸ್ತ್ರದಲ್ಲಿ ಎರಡಕ್ಕೂ ಹೆಸರು ಬೇರೆ. ಆದರೆ ವಿಭಕ್ತಿ ಒಂದೇ, ಪ್ರತ್ಯಯ ಒಂದೇ: ‘ಇಂದ’. ಆಜ್ಞೆಯ ಕೆಳಗೆ ನಿಂತ ಭಟನೂ ಕತ್ತಿಯೂ ಕನ್ನಡ ವಾಕ್ಯದಲ್ಲಿ ಒಂದೇ ಸ್ಥಾನದಲ್ಲಿ ಕುಳಿತಿರುತ್ತವೆ. ಒನ್ ಎಸ್ಕ್‌ಗೆ ಈ ಸ್ಥಾನದ ರಕ್ಷಣೆ ಸುಲಭವಾಗಿ ದೊರೆಯುತ್ತಿತ್ತು. ಸಾಮ್ರಾಟರು ನನ್ನಿಂದ ಕೊಲ್ಲಿಸಿದರು ಎಂದಿದ್ದರೆ ಸಾಕು, ಸುಳ್ಳೇನೂ ಆಗುತ್ತಿರಲಿಲ್ಲ. ಯುದ್ಧದ ವರದಿಗಳಿಗೆ ಪ್ರಿಯವಾದ ‘ಕೊಲ್ಲಲಾಯಿತು’ ಎಂಬ ಕರ್ತೃವಿಲ್ಲದ ರೂಪವೂ ಕೈಯಳತೆಯಲ್ಲಿತ್ತು. ಬ್ರೆಕ್ ಈ ಎರಡರ ಹಿಂದೆಯೂ ಅಡಗುವುದಿಲ್ಲ. ಆ ಕೊಲೆಯನ್ನು ತನ್ನದೆಂದೇ ಹೊತ್ತು ಹತ್ತೊಂಬತ್ತು ವರ್ಷ ನಡೆಯುತ್ತದೆ. ಆಯುಧವೊಂದು ತೃತೀಯಾ ವಿಭಕ್ತಿಯನ್ನು ಬಿಟ್ಟು ಪ್ರಥಮಾ ವಿಭಕ್ತಿಗೆ ಬಂದು ನಿಲ್ಲುವುದೇ ಈ ಕಾದಂಬರಿಯ ಕ್ರಿಯೆ ಎಂದರೆ ಅತಿಶಯೋಕ್ತಿಯಲ್ಲ. ಅದಕ್ಕೆ ಸ್ವಾತಂತ್ರ್ಯ ಬಂದುದು ಪ್ರಭುವಿನ ಮೇಲೆ ಗುಂಡು ಹಾರಿಸಿದಾಗ ಎನ್ನುವ ಓದುಗರಿದ್ದಾರೆ. ಔನ್‌ರನ್ನು ‘ನಾನು ಕೊಂದೆ’ ಎಂದು ಒಪ್ಪಿದಾಗಲೇ ಅದು ಬಂದಿತೆಂದು ನನಗೆ ತೋರುತ್ತದೆ. ಯಂತ್ರಗಳೇ ಗುರಿ ಆರಿಸುವ ಆಯುಧಗಳ ಹೊಣೆ ಯಾರದೆಂದು ರಾಷ್ಟ್ರಗಳು ಚರ್ಚಿಸುತ್ತಿರುವ ಈ ಕಾಲದಲ್ಲಿ ‘ಇಂದ’ ಪ್ರತ್ಯಯದ ಬಗೆಗಿನ ಈ ವಿಚಾರ ಕೇವಲ ತರಗತಿಯ ವಿಷಯವಲ್ಲ.

ಇಂಥ ಕೃತಿಯನ್ನು ಕನ್ನಡಿಸಹೊರಟವರು ಎದುರಿಸಬೇಕಾದ ತೊಡಕುಗಳು ಬೇರೆ ಬಗೆಯವು. ನಿರೂಪಕನ ಭಾಷೆಯಲ್ಲಿ ಲಿಂಗಭೇದವಿಲ್ಲವೆಂದು ಲೆಕಿಯವರು ಕಲ್ಪಿಸಿ, ಇಂಗ್ಲಿಷಿನಲ್ಲಿ ಎಲ್ಲರಿಗೂ ಸ್ತ್ರೀಲಿಂಗದ ಸರ್ವನಾಮವನ್ನೇ ಬಳಸಿದ್ದಾರೆ. ಕನ್ನಡದಲ್ಲಿ ಎಲ್ಲರನ್ನೂ ‘ಅವಳು’ ಎಂದರೆ ಬೆರಗಿನ ಜೊತೆಗೆ ಸಲಿಗೆಯೋ ತಿರಸ್ಕಾರವೋ ಸೇರಿಕೊಳ್ಳುತ್ತದೆ. ಸಾಮ್ರಾಟರನ್ನು ಸೈನಿಕನು ಹಾಗೆ ಕರೆಯುವುದು ಅಸಂಭವ. ‘ಅವರು’ ಎಂಬ ಗೌರವಬಹುವಚನ ಲಿಂಗವನ್ನು ಅಳಿಸುತ್ತದಾದರೂ ಮೂಲದ ಇರಿತವನ್ನು ಮೊಂಡಾಗಿಸುತ್ತದೆ. ಮೇಲಿನ ಸಾರಾಂಶದಲ್ಲಿ ನಾನು ಆ ಮೊಂಡುತನವನ್ನೇ ಆರಿಸಿಕೊಂಡಿದ್ದೇನೆ. ಇಪ್ಪತ್ತು ದೇಹಗಳ ‘ನಾನು’ವನ್ನು ‘ನಾವು’ ಎನ್ನಬಹುದೇ ಎಂಬುದು ಇನ್ನೊಂದು ಪ್ರಶ್ನೆ. ತಮಿಳಿನಲ್ಲಿ ‘ನಾಮ್’, ‘ನಾಂಗಳ್’ ಎಂದೂ ತೆಲುಗಿನಲ್ಲಿ ‘ಮನಂ’, ‘ಮೇಮು’ ಎಂದೂ ಮರಾಠಿಯಲ್ಲಿ ‘ಆಪಣ್’, ‘ಆಮ್ಹೀ’ ಎಂದೂ ಕೇಳುಗನನ್ನು ಒಳಗೊಳ್ಳುವ, ಹೊರಗಿಡುವ ಎರಡು ರೂಪಗಳಿವೆ. ಇಂದಿನ ಕನ್ನಡಕ್ಕೆ ಇರುವುದು ಒಂದೇ ‘ನಾವು’. ಒಂದೇ ಬುದ್ಧಿಗೆ ಏಕವಚನವೇ ಸರಿ. ದೇಹಗಳು ಹರಡಿ ನಿಂತಾಗಲೂ ‘ನಾನು ಗುಡಿಯ ಮುಂದಿದ್ದೆ, ನಾನು ಬೀದಿಯಲ್ಲಿದ್ದೆ’ ಎಂದು ಕರ್ತೃಪದವನ್ನು ಎತ್ತಿ ಎತ್ತಿ ಹೇಳಬೇಕಾಗುತ್ತದೆ. ಕನ್ನಡದಲ್ಲಿ ಸಾಮಾನ್ಯವಾಗಿ ಕ್ರಿಯಾಪದದೊಳಗೆ ಅಡಗುವ ಆ ‘ನಾನು’ ಇಲ್ಲಿ ಅಡಗಬಾರದು.

ಕೊನೆಯದಾಗಿ, ಬ್ರೆಕ್ ಎಂಬ ಈ ಭಟನನ್ನು ಇತರ ಪಾತ್ರಗಳು ಹೇಗೆ ಕರೆಯಬೇಕು? ರಾಡ್ಚ್‌ನಲ್ಲಿ ನೌಕೆಗಳಿಗೂ ಅವುಗಳ ದೇಹಗಳಿಗೂ ಸಲ್ಲುವುದು ನಿರ್ಜೀವ ವಸ್ತುವಿನ ಸರ್ವನಾಮ. ಗುಟ್ಟು ತಿಳಿಯದವರಿಗೆ ಬ್ರೆಕ್ ಸಾಮಾನ್ಯ ಮನುಷ್ಯವ್ಯಕ್ತಿ. ಆದ್ದರಿಂದ ಅನುವಾದಕನು ಪ್ರತಿಯೊಂದು ಪಾತ್ರದ ತಿಳಿವಳಿಕೆಯನ್ನು ಬೆನ್ನುಹತ್ತಿ, ಯಾವ ಪುಟದವರೆಗೆ ‘ಅವರು ಬಂದರು’, ಯಾವ ಪುಟದಿಂದ ‘ಅದು ಬಂದಿತು’ ಎಂದು ಗುರುತುಹಾಕಿಕೊಳ್ಳಬೇಕು. ಸತ್ಯ ತಿಳಿದ ಮೇಲೆಯೂ ‘ಅವರು’ ಎಂದೇ ಮುಂದುವರಿಸುವ ಪಾತ್ರ ಯಾವುದೆಂದು ಇಂಗ್ಲಿಷ್ ಪಠ್ಯ ಎಲ್ಲೆಡೆ ಹೇಳುವುದಿಲ್ಲ. ಕನ್ನಡದ ಕ್ರಿಯಾಪದ ಅದನ್ನು ಹೇಳದೆ ವಾಕ್ಯವನ್ನು ಮುಗಿಸಲು ಬಿಡುವುದಿಲ್ಲ.